ಸಮೀಕ್ಷೆ ಹೇಳಿತ್ತು, ಪತ್ರಿಕೆ ಕೇಳಲಿಲ್ಲ

ಪ್ರಶ್ನೆ: 2017ರಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಅವಧಿಗೆ ಮುನ್ನವೇ ಚುನಾವಣೆಗೆ ಹೋಗಿ ಇದ್ದ ಬಹುಮತವನ್ನೂ ಕಳೆದುಕೊಂಡರು. ಅವರು ಸುಲಭವಾಗಿ ಗೆಲ್ಲುತ್ತಾರೆಂದು ಪತ್ರಿಕೆಗಳೂ ಸಮೀಕ್ಷೆಗಳೂ ಹೇಳಿದ್ದವು. ಅಷ್ಟೊಂದು ಅನುಭವಿಗಳ ಲೆಕ್ಕಾಚಾರ ತಪ್ಪಿದ್ದು ಹೇಗೆ? ಅದರ ಪರಿಣಾಮವೇನಾಯಿತು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೊದಲು ಒಂದು ತಿದ್ದುಪಡಿ. ಎಲ್ಲ ಸಮೀಕ್ಷೆಗಳೂ ಹಾಗೆ ಹೇಳಿರಲಿಲ್ಲ. ಜೂನ್ 8ರ ಮತದಾನಕ್ಕೆ ಒಂದು ವಾರ ಇರುವಾಗಲೇ ಯೂಗವ್ ಸಂಸ್ಥೆ ಕ್ಷೇತ್ರವಾರು ಲೆಕ್ಕ ಹಾಕಿ, ಯಾರಿಗೂ ಬಹುಮತ ಬಾರದ ಅತಂತ್ರ ಸಂಸತ್ತಿನ ಸಾಧ್ಯತೆಯನ್ನು ಪ್ರಕಟಿಸಿತ್ತು. ಮೇ ಅವರ ಕನ್ಸರ್ವೇಟಿವ್ ಮತ್ತು ಎದುರಾಳಿ ಲೇಬರ್ ಪಕ್ಷಗಳ ಅಂತರ ಶೇ 1ರಷ್ಟು ಮಾತ್ರ ಎಂದು ಸರ್ವೇಷನ್ ಸಂಸ್ಥೆಯ ಕೊನೆಯ ಸಮೀಕ್ಷೆ ಹೇಳಿದರೆ, ಅದೇ ಅಂತರವನ್ನು ಐಸಿಎಂ ಶೇ 12 ಎಂದಿತು. ಪತ್ರಿಕೆಗಳಲ್ಲಿ ಹೆಚ್ಚಿನವು ನಂಬಿದ್ದು ಐಸಿಎಂ ತರಹದ ಅಂಕಿಗಳನ್ನು.

ಇಷ್ಟು ವ್ಯತ್ಯಾಸಕ್ಕೆ ಕಾರಣ ಹಿಂದಿನ ಚುನಾವಣೆಯ ಗಾಯ. 2015ರಲ್ಲಿ ಎರಡೂ ಪಕ್ಷಗಳು ಸಮಬಲ ಎಂದಿದ್ದ ಸಮೀಕ್ಷೆಗಳನ್ನು ಸುಳ್ಳಾಗಿಸಿ ಕನ್ಸರ್ವೇಟಿವ್ ಪಕ್ಷ ಬಹುಮತ ಪಡೆದಿತ್ತು. ಆಗ ಪ್ರಶ್ನೆ ಕೇಳಲು ಆರಿಸಿಕೊಂಡವರಲ್ಲೇ ಲೇಬರ್ ಬೆಂಬಲಿಗರು ಹೆಚ್ಚಿದ್ದರು ಎಂದು ಪ್ಯಾಟ್ರಿಕ್ ಸ್ಟರ್ಗಿಸ್ ನೇತೃತ್ವದ ವಿಚಾರಣಾ ಸಮಿತಿ ಕಂಡುಕೊಂಡಿತು. ಅದನ್ನು ಸರಿಪಡಿಸಲು ಹೊರಟ ಹಲವು ಸಂಸ್ಥೆಗಳು 2017ರಲ್ಲಿ, ‘ಖಂಡಿತ ಮತ ಹಾಕುತ್ತೇನೆ’ ಎಂದು ಲೇಬರ್ ಕಡೆಗೆ ಹೆಚ್ಚು ಒಲಿದಿದ್ದ ಯುವಕರು ಹೇಳಿದರೂ ಆ ಮಾತನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯದೆ, ಹಿಂದಿನ ಚುನಾವಣೆಗಳಲ್ಲಿ ಅವರ ವಯಸ್ಸಿನವರು ಎಷ್ಟು ಮಂದಿ ಮತಗಟ್ಟೆಗೆ ಬಂದಿದ್ದರು ಎಂಬುದನ್ನು ನೋಡಿ ಅವರ ಪಾಲನ್ನು ಇಳಿಸಿದವು. ಜನರ ಉತ್ತರಗಳನ್ನು ಇದ್ದಂತೆಯೇ ಬಿಟ್ಟಿದ್ದರೆ ಅವು ಫಲಿತಾಂಶಕ್ಕೆ ಹತ್ತಿರ ಬರುತ್ತಿದ್ದವು.

ಸಮೀಕ್ಷಕರ ತಪ್ಪಿಗೆ ಹೀಗೆ ಒಂದು ವಿವರಣೆಯಾದರೂ ಇದೆ. ಪತ್ರಕರ್ತರ ತಪ್ಪು ಅದಕ್ಕಿಂತ ಆಳವಾದದ್ದು ಎಂಬುದು ನನ್ನ ಅಭಿಪ್ರಾಯ. 2016ರ ಜೂನ್‌ನಲ್ಲಿ ಲೇಬರ್ ಸಂಸದರೇ 172–40 ಮತಗಳಿಂದ ತಮ್ಮ ನಾಯಕ ಜೆರೆಮಿ ಕಾರ್ಬಿನ್ ಮೇಲೆ ಅವಿಶ್ವಾಸ ವ್ಯಕ್ತಪಡಿಸಿದ್ದರು. ಲಂಡನ್ನಿನ ರಾಜಕೀಯ ವರದಿಗಾರರು ದಿನ ಬೆಳಗಾದರೆ ಮಾತಾಡುತ್ತಿದ್ದುದು ಈ ಸಂಸದರ ಜೊತೆಯಲ್ಲೇ ಆದ್ದರಿಂದ, ಅವರ ಹತಾಶೆಯೇ ಇಡೀ ದೇಶದ ತೀರ್ಪು ಎಂದು ಭಾವಿಸಿಬಿಟ್ಟರು. 1918ರಿಂದ ಕನ್ಸರ್ವೇಟಿವ್ ಪಕ್ಷದ ಕೈತಪ್ಪದ ಕ್ಯಾಂಟರ್ಬರಿಯಲ್ಲಿ ಲೇಬರ್ ಮುಂದಿದೆ ಎಂದು ಯೂಗವ್ ಲೆಕ್ಕ ತೋರಿಸಿದಾಗ ನಂಬಿದವರು ವಿರಳ. ವಿಶ್ವವಿದ್ಯಾಲಯವಿರುವ ಆ ಊರಿಗೆ ಹೋಗಿ ವಿದ್ಯಾರ್ಥಿಗಳನ್ನು ಮಾತಾಡಿಸುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಲೇಬರ್ ಅಲ್ಲಿ 187 ಮತಗಳಿಂದ ಗೆದ್ದಿತು.

ಪ್ರಚಾರದ ನಡುವೆಯೇ ಗಾಳಿ ತಿರುಗಿದ ಸೂಚನೆಯೂ ಸಿಕ್ಕಿತ್ತು. ಮನೆಯಲ್ಲೇ ಆರೈಕೆ ಪಡೆಯುವ ವೃದ್ಧರ ಖರ್ಚನ್ನು ಲೆಕ್ಕ ಹಾಕುವಾಗ ಅವರ ಮನೆಯ ಬೆಲೆಯನ್ನೂ ಆಸ್ತಿಗೆ ಸೇರಿಸಿ, ಒಂದು ಲಕ್ಷ ಪೌಂಡ್‌ಗಳನ್ನು ಮಾತ್ರ ಅವರಿಗೆ ಉಳಿಸುವುದಾಗಿ ಮೇ 18ರ ಕನ್ಸರ್ವೇಟಿವ್ ಪ್ರಣಾಳಿಕೆ ಹೇಳಿತು. ‘ಮರೆವಿನ ಕಾಯಿಲೆಯ ತೆರಿಗೆ’ ಎಂದು ವಿರೋಧಿಗಳು ಅದನ್ನು ಕರೆದರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ಖರ್ಚಿಗೆ ಮಿತಿ ಹಾಕುವುದಾಗಿ ಹೇಳಿ, ಅದೇ ಉಸಿರಿನಲ್ಲಿ ಏನೂ ಬದಲಾಗಿಲ್ಲ ಎಂದೂ ಸಾಧಿಸಿದರು.

ಮತದಾನ ಮುಗಿದ ರಾತ್ರಿ ಹತ್ತು ಗಂಟೆಗೆ ಸತ್ಯ ಹೊರಬಿತ್ತು. ಬಿಬಿಸಿ, ಐಟಿವಿ ಮತ್ತು ಸ್ಕೈ ವಾಹಿನಿಗಳು ಅಲ್ಲಿ ಸೇರಿ ಒಂದೇ ಮತಗಟ್ಟೆ ಸಮೀಕ್ಷೆ ನಡೆಸುತ್ತವೆ. ಮತ ಹಾಕಿ ಹೊರಬಂದವರ ಕೈಗೆ ಮತಪತ್ರದ ನಕಲು ಕೊಡಲಾಗುತ್ತದೆ. ಅವರು ಮತ್ತೊಮ್ಮೆ ಗುರುತು ಹಾಕಿ ಪೆಟ್ಟಿಗೆಯೊಳಗೆ ಹಾಕುತ್ತಾರೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕನ್ಸರ್ವೇಟಿವ್ ಪಕ್ಷಕ್ಕೆ 314 ಸ್ಥಾನ ಎಂದು ಅದು ಹೇಳಿತು. ಬಂದದ್ದು 317; 650 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ 326 ಬೇಕಿತ್ತು. ಪಕ್ಷದ ಮತ ಪ್ರಮಾಣ ಶೇ 42.4ಕ್ಕೆ ಏರಿದ್ದರೂ, ಲೇಬರ್ ಅದಕ್ಕಿಂತ ವೇಗವಾಗಿ ಏರಿ ಶೇ 40 ಮುಟ್ಟಿದ್ದರಿಂದ ಸ್ಥಾನಗಳು ಕಡಿಮೆಯಾದವು. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಇದೇ ಪದ್ಧತಿ ನಮ್ಮಲ್ಲಿಯೂ ಇರುವುದರಿಂದ ನಿಮಗೆ ಇದು ಅಚ್ಚರಿ ಎನಿಸಲಾರದು.

ಪರಿಣಾಮ ಎರಡು ವರ್ಷ ಕಾಡಿತು. ಮೇ ಅವರ ಇಬ್ಬರು ಮುಖ್ಯ ಸಲಹೆಗಾರರು ಕೂಡಲೇ ರಾಜೀನಾಮೆ ಕೊಟ್ಟರು. ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ಹತ್ತು ಸಂಸದರ ಬಾಹ್ಯ ಬೆಂಬಲಕ್ಕಾಗಿ ಆ ಪ್ರಾಂತ್ಯಕ್ಕೆ ಹೆಚ್ಚುವರಿಯಾಗಿ ನೂರು ಕೋಟಿ ಪೌಂಡ್ ಕೊಡಲು ಒಪ್ಪಬೇಕಾಯಿತು. ಐರ್ಲೆಂಡ್ ಗಡಿಯಲ್ಲಿ ತಪಾಸಣೆ ಮರಳದಂತೆ ತಡೆಯಲು ಒಪ್ಪಂದದಲ್ಲಿ ಸೇರಿಸಿದ್ದ ಷರತ್ತನ್ನು ಆ ಪಕ್ಷವೂ ಸ್ವಪಕ್ಷೀಯರೂ ವಿರೋಧಿಸಿದ್ದರಿಂದ, ಐರೋಪ್ಯ ಒಕ್ಕೂಟ ತೊರೆಯುವ ಒಪ್ಪಂದ 2019ರ ಜನವರಿ 15ರಂದು 432–202 ಮತಗಳಿಂದ ಬಿದ್ದುಹೋಯಿತು. ಮೇ ತಿಂಗಳಲ್ಲಿ ಅವರು ರಾಜೀನಾಮೆ ಘೋಷಿಸಿದರು.

ಫಲಿತಾಂಶದ ನಂತರವೂ ಮಾಧ್ಯಮಗಳು ಎಡವಿದ್ದು ನನಗೆ ಹೆಚ್ಚು ಬೇಸರದ ಸಂಗತಿ. 18ರಿಂದ 24 ವಯಸ್ಸಿನವರಲ್ಲಿ ಶೇ 72 ಮಂದಿ ಮತ ಹಾಕಿದರು ಎಂಬ ಅಂಕಿ ಮರುದಿನವೇ ಎಲ್ಲೆಡೆ ಹರಿದಾಡಿತು, ಯುವಜನರ ಭೂಕಂಪ ಎಂಬ ವರ್ಣನೆಗಳು ಬಂದವು. ಆ ಅಂಕಿಗೆ ಆಧಾರವಿರಲಿಲ್ಲ. ಯುವಕರಲ್ಲಿ ಲೇಬರ್ ಬಹಳ ಮುಂದಿದ್ದುದು ನಿಜ. ಆದರೆ ಮತಗಟ್ಟೆಗೆ ಬಂದ ಯುವಕರ ಪ್ರಮಾಣ ದೊಡ್ಡದಾಗಿ ಜಿಗಿದದ್ದಕ್ಕೆ ಪುರಾವೆ ಇಲ್ಲವೆಂದು, ಮುಖಾಮುಖಿ ಸಂದರ್ಶನ ನಡೆಸಿದ ಬ್ರಿಟಿಷ್ ಚುನಾವಣಾ ಅಧ್ಯಯನದ ಸಂಶೋಧಕರು 2018ರ ಜನವರಿಯಲ್ಲಿ ಬರೆದರು. ಅವರ ಅಧ್ಯಯನದಲ್ಲಿ ಯುವಕರ ಸಂಖ್ಯೆ ಚಿಕ್ಕದೆಂಬ ಆಕ್ಷೇಪ ಬಂದು ಚರ್ಚೆ ಮುಂದುವರಿಯಿತಾದರೂ, ಅಷ್ಟು ಹೊತ್ತಿಗೆ ಆಕ್ಸ್‌ಫರ್ಡ್ ನಿಘಂಟು ‘ಯೂತ್‌ಕ್ವೇಕ್’ ಎಂಬುದನ್ನು 2017ರ ವರ್ಷದ ಪದವೆಂದು ಘೋಷಿಸಿ ಆಗಿತ್ತು.