ಗಂಜಿಯೂಟದ ಉಪ್ಪು ಮತ್ತು ಮೂತ್ರಪಿಂಡದ ಪಾಠ

ಕಾಸರಗೋಡಿನ ಬದಿಯಡ್ಕ ಸಮೀಪದ ಅಡಿಕೆ ಕೃಷಿಕರೊಬ್ಬರ ಪತ್ರ ಬಂದಿದೆ. ಹನ್ನೊಂದು ವರ್ಷಗಳಿಂದ ಮಧುಮೇಹವಿರುವ ಅವರ ಮೂತ್ರದಲ್ಲಿ, ಎರಡು ಪರೀಕ್ಷೆಗಳಲ್ಲೂ, ಗ್ರಾಂ ಕ್ರಿಯಾಟಿನಿನ್‌ಗೆ (ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಸುಮಾರು 90 ಮಿಲಿಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನ್ ಕಂಡಿದೆ. ‘ಮಾತ್ರೆ ತಪ್ಪಿಸುವುದಿಲ್ಲ. ಹಾಗಿರುವಾಗ ಕಾಯಿಲೆಯನ್ನು ತಾವೇ ನಿಭಾಯಿಸಲು ಕಲಿಸುವ ಆರು ವಾರಗಳ ಸ್ವಯಂನಿರ್ವಹಣೆ ತರಗತಿಗೆ, ಅದೂ ಮಲಯಾಳದಲ್ಲಿ ನಡೆಯುವುದಕ್ಕೆ, ಹೋಗಿ ಪ್ರಯೋಜನವೇನು?’ ಎಂಬುದು ಅವರ ಪ್ರಶ್ನೆ.

ಖಂಡಿತ ಹೋಗಿ. ಮೂತ್ರಕ್ಕೆ ಆಲ್ಬುಮಿನ್ ಸೋರುವುದು ಮೂತ್ರಪಿಂಡದ ಹಾನಿಯ ಸೂಚನೆ. ಅದು 30ರಿಂದ 300ರ ನಡುವೆ ಇರುವ ಈ ಹಂತದಲ್ಲಿ ನೋವಾಗಲಿ ಊತವಾಗಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕಾಗಿಯೇ ಇದನ್ನು ಅಸಡ್ಡೆ ಮಾಡುವವರು ಬಹಳ ಮಂದಿ. ಆದರೆ ಹಾನಿಯನ್ನು ನಿಧಾನಗೊಳಿಸುವ ಅವಕಾಶ ಹೆಚ್ಚಾಗಿರುವುದು ಈಗಲೇ.

ತರಗತಿಯಿಂದ ಪವಾಡವನ್ನು ಮಾತ್ರ ನಿರೀಕ್ಷಿಸಬೇಡಿ. ಬ್ರಿಟನ್ನಿನಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದವರಿಗೆ ನಡೆಸಿದ ಡೆಸ್ಮಂಡ್ ಎಂಬ ಆರು ಗಂಟೆಗಳ ಕಾರ್ಯಕ್ರಮದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ, ಪಾಠ ಕೇಳಿದವರ ತೂಕ ಹೆಚ್ಚು ಇಳಿದಿತ್ತು, ಅವರಲ್ಲಿ ಧೂಮಪಾನ ಬಿಟ್ಟವರೂ ಹೆಚ್ಚಿದ್ದರು. ಆದರೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಮಟ್ಟದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಹಾಗಿದ್ದೂ, ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2022ರ ಮಾರ್ಗಸೂಚಿಯಲ್ಲಿ ನಿಮ್ಮಂಥವರಿಗೆ ಇಂತಹ ಶಿಕ್ಷಣವನ್ನು ಶಿಫಾರಸು ಮಾಡುತ್ತದೆ. ಔಷಧಿಯ ಬದಲಿಗಲ್ಲ, ಔಷಧಿಯ ಜೊತೆಗೆ.

ಉಪ್ಪನ್ನೇ ನೋಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಎಂದು ಪಾಠದಲ್ಲಿ ಹೇಳುತ್ತಾರೆ. ನಮ್ಮ ಮಳೆಗಾಲದ ಕುಚ್ಚಲಕ್ಕಿ ಗಂಜಿಯ ಬದಿಗೆ ಉಪ್ಪಿನ ಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಪಲ್ಯ, ಮಾವಿನ ಮಿಡಿ, ಹಪ್ಪಳ, ಕೆಲವು ಮನೆಗಳಲ್ಲಿ ಒಣಮೀನು. ಸೊಳೆಯನ್ನು ಎಷ್ಟು ಸಲ ನೀರು ಬದಲಿಸಿ ನೆನೆಸಬೇಕು, ಗಂಜಿಗೆ ಉಪ್ಪು ಹಾಕದೆ ಮಿಡಿಯ ಒಂದು ಚೂರನ್ನಷ್ಟೇ ನಂಜಿಕೊಳ್ಳಬಹುದೇ ಎಂಬುದು ಅಚ್ಚಾದ ಪಟ್ಟಿಗಳಲ್ಲಿ ಸಿಗುವುದಿಲ್ಲ, ನೀವೇ ಕೇಳಬೇಕು. ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪಿ’ನಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ರಕ್ಷಣೆಗೆ ಕೊಡುವ ಕೆಲವು ರಕ್ತದೊತ್ತಡದ ಮಾತ್ರೆಗಳ ಜೊತೆಗೆ ಅದು ಅಪಾಯವಾಗಬಹುದಾದ್ದರಿಂದ, ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಇನ್ನೂ ಎರಡನ್ನು ಅಲ್ಲಿ ಸ್ಪಷ್ಟಮಾಡಿಕೊಳ್ಳಿ. ತೋಟದ ಕೆಲಸದ ಬಳಿಕ ಸೊಂಟನೋವಿಗೆ ನಮ್ಮವರು ಸಲೀಸಾಗಿ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಅವುಗಳ ಬದಲಿಗೆ ಏನು? ವಾಂತಿ, ಭೇದಿಯಾಗಿ ದೇಹದ ನೀರು ಬತ್ತಿದಾಗ ಯಾವ ಮಾತ್ರೆಯನ್ನು ನಿಲ್ಲಿಸಬೇಕು, ಮತ್ತೆ ಯಾವಾಗ ಆರಂಭಿಸಬೇಕು? ಇದನ್ನು ಕಾಯಿಲೆ ಬಂದ ರಾತ್ರಿಯಲ್ಲಿ ಊಹಿಸುವಂತಾಗಬಾರದು.

ಭಾಷೆಯ ಕುರಿತು ನಿಮ್ಮ ಅಳಲು ನ್ಯಾಯವಾದುದು. 1956ರಿಂದ ಕೇರಳದಲ್ಲಿರುವ ನಮಗೆ ಪೇಟೆಯ ವ್ಯವಹಾರಕ್ಕೆ ಮಲಯಾಳ ಸಾಕಾಗಬಹುದು. ಆದರೆ ಮಾತ್ರೆ ನಿಲ್ಲಿಸುವ ಸೂಚನೆಯನ್ನು ಅರೆಬರೆ ತಿಳಿದುಕೊಂಡರೆ ಸಾಲದು. ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ, ಕೇಳಿದ್ದನ್ನು ಅಲ್ಲಿಯೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿಕೊಂಡು ಬನ್ನಿ.