ಕಾಗದಪತ್ರ ಕೇಳುವ ಮೊದಲು

ಪತ್ರದ ಸಾರ: ‘ಈಗಿನ ಮಕ್ಕಳಿಗೆ ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ. ನಮ್ಮೂರ ಶಾಲೆಯ ತುಂಬ ಎಸ್ಟೇಟ್ ಕೆಲಸಕ್ಕೆ ಬಂದ ಅಸ್ಸಾಂ, ಜಾರ್ಖಂಡ್ ಕಡೆಯವರ ಮಕ್ಕಳು. ಕಾಗದಪತ್ರ ನೋಡದೆ ಸೇರಿಸಿಕೊಂಡರೆ ದೇಶಭಕ್ತಿ ಕಲಿಸುವುದು ಹೇಗೆ?’
– ನಿವೃತ್ತ ಮುಖ್ಯೋಪಾಧ್ಯಾಯರು, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ,

ಪತ್ರದ ಮೊದಲ ಭಾಗಕ್ಕೆ ನನ್ನ ತಕರಾರಿಲ್ಲ. 52 ಸೆಕೆಂಡು ಅಲುಗಾಡದೆ ನಿಲ್ಲುವುದನ್ನು ಮಕ್ಕಳಿಗೆ ಕಲಿಸಲೇಬೇಕು. ಧ್ವಜಕ್ಕೂ ರಾಷ್ಟ್ರಗೀತೆಗೂ ಗೌರವ ಕೊಡುವುದು ಸಂವಿಧಾನದ 51ಎ ವಿಧಿಯ ಮೊದಲ ಕರ್ತವ್ಯದಲ್ಲೇ ಇದೆ. ಆದರೆ ಅದೇ ಸಾಲು ಸಂವಿಧಾನವನ್ನು ಪಾಲಿಸಿ, ಅದರ ಆದರ್ಶಗಳನ್ನು ಗೌರವಿಸಿ ಎಂದು ಶುರುವಾಗುತ್ತದೆ. ಧ್ವಜ ಬರುವುದು ಆಮೇಲೆ. ನಮ್ಮ ಶಾಲೆಗಳಲ್ಲಿ ಆಮೇಲಿನದು ಮಾತ್ರ ಉಳಿದಿದೆ ಎನ್ನುವುದು ನನ್ನ ಬಹುಕಾಲದ ಕೊರಗು.

ಕೊಪ್ಪ ಕಡೆಯ ಒಂದು ಪ್ರೌಢಶಾಲೆಗೆ ಗಣರಾಜ್ಯೋತ್ಸವಕ್ಕೆ ಹೋಗಿದ್ದೆ. ಪಥಸಂಚಲನ ನೋಡಲು ಎರಡು ಕಣ್ಣು ಸಾಲದು. ಮುಗಿದ ಮೇಲೆ ಒಂಬತ್ತನೇ ತರಗತಿಯವರನ್ನು ‘ಇವತ್ತೇನು ವಿಶೇಷ?’ ಎಂದು ಕೇಳಿದರೆ, ‘ಬ್ರಿಟಿಷರು ಬಿಟ್ಟು ಹೋದ ದಿನ’ ಎಂದರು. ಹೆಜ್ಜೆ ತಪ್ಪದಂತೆ ತಿಂಗಳುಗಟ್ಟಲೆ ತಾಲೀಮು ಕೊಟ್ಟವರು ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಸಂವಿಧಾನ ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ಪೌರತ್ವದ ವಿಧಿಗಳು ಅಷ್ಟು ದಿನ ಕಾಯಲಿಲ್ಲ. ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26ರಂದೇ ಜಾರಿಯಾದವು. ದೇಶ ಒಡೆದು ಲಕ್ಷಾಂತರ ಜನ ಗಡಿ ದಾಟಿದ್ದ ಕಾಲ ಅದು. ಹೀಗೆ ಹೇಳಿದರೆ ಯಾವ ಮಗು ತಾನೇ ಕಿವಿಗೊಡುವುದಿಲ್ಲ?

ಕಪ್ಪು ಹಲಗೆಯ ಮೇಲೆ 1986, 1990, 2005 ಎಂದು ಮೂರು ಇಸವಿ ಬರೆಯಿರಿ. ಒಂದೊಂದೂ ಒಂದೊಂದು ಮಗು ಹುಟ್ಟಿದ ವರ್ಷ ಎಂದುಕೊಳ್ಳಿ, ಮೂರು ಮಕ್ಕಳೂ ಹುಟ್ಟಿದ್ದು ಇಲ್ಲೇ. 1986ರ ಮಗು ಭಾರತದ ಪೌರನಾಗಲು ಇಲ್ಲಿ ಹುಟ್ಟಿದ್ದೇ ಸಾಕು. 1987ರ ಜುಲೈ 1ರಿಂದ ತಂದೆ ತಾಯಿಯರಲ್ಲಿ ಒಬ್ಬರು ಪೌರರಾಗಿರಬೇಕು. 2004ರ ಡಿಸೆಂಬರಿನಿಂದ ಅದೂ ಸಾಲದು, ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಕಾನೂನು ಏಕೆ ಬದಲಾಯಿತು, ಸರಿಯೋ ತಪ್ಪೋ ಎಂದು ಮಕ್ಕಳೇ ವಾದ ಮಾಡಲಿ. ಪೌರತ್ವದ ಪಾಠ ಎಂದರೆ ಇದು.

ಇನ್ನು ನಿಮ್ಮ ಕಾಗದಪತ್ರದ ಮಾತು. ಮೇಷ್ಟ್ರೇ, ನೀವು ಇದನ್ನು ಬರೆಯಬಾರದಿತ್ತು. 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ಕೊಟ್ಟಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಯಾರನ್ನೂ ಹೊರಗಿಡಬಾರದು ಎಂದು 2009ರ ಕಾಯ್ದೆ ಹೇಳಿದೆ. ಜಾರ್ಖಂಡ್‌ನಿಂದ ಬಂದ ಕೂಲಿಗೆ ನಿಮಗೂ ನನಗೂ ಇರುವಷ್ಟೇ ಹಕ್ಕು ಈ ಮಲೆನಾಡಿನಲ್ಲಿದೆ. ನಮ್ಮ ಲೈನ್‌ಮನೆಗಳಲ್ಲಿ, ಅಂದರೆ ಎಸ್ಟೇಟ್ ಕೂಲಿಗಳ ಸಾಲುಮನೆಗಳಲ್ಲಿ, ಹಿಂದೆ ಇದ್ದವರಾದರೂ ಯಾರು? ಘಟ್ಟದ ಕೆಳಗಿನ ತುಳುವರು, ತಮಿಳರು. ಕಾಫಿಯೇ ಬಾಬಾಬುಡನ್ ಕೈಯಲ್ಲಿ ಯೆಮೆನ್‌ನಿಂದ ಬಂತೆಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಚೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. ಎರಡೂ ದೇಶಗಳ ಪ್ರಧಾನಿಗಳು 1964ರಲ್ಲಿ ಮಾಡಿಕೊಂಡ ಶಾಸ್ತ್ರಿ–ಸಿರಿಮಾವೊ ಒಪ್ಪಂದದಲ್ಲಿ, ಅಲ್ಲಿದ್ದ ಭಾರತೀಯ ಮೂಲದ 5.25 ಲಕ್ಷ ಜನರನ್ನು ಭಾರತ ತನ್ನವರೆಂದು ಒಪ್ಪಿಕೊಂಡಿತು. ಆ ಮಕ್ಕಳ ಪಕ್ಕ ಕೂತು ಓದಿದವರಿಗೆ ವಲಸೆ ಎಂದರೇನೆಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

1985ರಲ್ಲಿ ಕೇರಳದ ಶಾಲೆಯೊಂದು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಹೊರಹಾಕಿತು. ಮರುವರ್ಷ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಆ ತೀರ್ಪನ್ನು ಪ್ರತಿ ಶಿಕ್ಷಕರ ತರಬೇತಿಯಲ್ಲೂ ಓದಿಸಬೇಕು.

ಧ್ವಜದ ಗೌರವದ ಮಾತು ಬಂತಲ್ಲ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಬಗ್ಗೆ ಯಾವ ಶಾಲೆ ಹೇಳಿಕೊಡುತ್ತದೆ? 2021ರ ಕೊನೆಗೆ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು, ನೂಲುವವರ ಪಾಡು ಯಾರೂ ಕೇಳಲಿಲ್ಲ. ಇತ್ತ ಸಮಾಜ ವಿಜ್ಞಾನದ ಮೇಷ್ಟ್ರನ್ನು ಗಣತಿಗೆ, ಮತದಾರರ ಪಟ್ಟಿಯ ಕೆಲಸಕ್ಕೆ ಅಟ್ಟುತ್ತಾರೆ. ಅವರ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಹೀಗಿರುವಾಗ ಮಕ್ಕಳಿಗೆ ದೇಶ ಗೊತ್ತಿಲ್ಲ ಎಂದು ಮಕ್ಕಳನ್ನೇ ಬೈಯುವುದು ನ್ಯಾಯವಲ್ಲ.

ನಿಮಗೆ ಕಲಿಸುವ ಅನುಭವವಿದೆ, ಈಗ ಬಿಡುವೂ ಇದೆ. ಊರ ಶಾಲೆಯಲ್ಲಿ ವಾರಕ್ಕೊಂದು ಪೀರಿಯಡ್ ಕೇಳಿ ಪಡೆದು ಆ ಮೂರು ಇಸವಿಗಳಿಂದಲೇ ಶುರು ಮಾಡಿ. ಲೈನ್‌ಮನೆಯ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ.

– ಸಂ.