ಬಿಸಿಲಲ್ಲಿ ಒಣಗಿಸಿದ ಅಚ್ಚು ಯಾಕೆ ಸಿಡಿಯಿತು?

ಪ್ರಶ್ನೆ: ನಮ್ಮ ಬೀಸುಬಲೆಯ ಹಳೇ ಸೀಸದ ಗುಂಡುಗಳನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಲು ಹೊರಟೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚನ್ನು ಮೂರು ದಿನ ಬಿಸಿಲಿಗಿಟ್ಟಿದ್ದೆ. ಆದರೂ ಸೀಸ ಹೊಯ್ದ ಕೂಡಲೇ ಪಟಪಟ ಸಿಡಿದು ಕೈಗೆ ಹಾರಿತು. ಎಲ್ಲಿ ತಪ್ಪಿದೆ?
- ಕುಂದಾಪುರದ ಓದುಗರು

ಉತ್ತರ: ಬಿಸಿಲನ್ನು ನಂಬಿದ್ದೇ ತಪ್ಪು. ಗಟ್ಟಿಯಾದ ಪ್ಲಾಸ್ಟರ್‌ನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ನೀರೇ. ಅದು ಹರಳಿನೊಳಗೆ ಸೇರಿಕೊಂಡ ನೀರು, ಮುಟ್ಟಿದರೆ ಪಸೆ ಗೊತ್ತಾಗುವುದಿಲ್ಲ, ಬಿಸಿಲಿಗೂ ಹೋಗುವುದಿಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾವು ತಗುಲಿದರೆ ಆ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಸೀಸವನ್ನೇ ಎತ್ತಿ ಎಸೆಯುತ್ತದೆ.

ಅಚ್ಚನ್ನು ಓವನ್‌ನಲ್ಲಿ ನಿಧಾನಕ್ಕೆ 200 ಡಿಗ್ರಿಯವರೆಗೆ ಕಾಯಿಸಿ, ಗಂಟೆಗಟ್ಟಲೆ ಬಿಡಿ. ಆಗಾಗ ತೂಗಿ ನೋಡಿ. ತೂಕ ಇಳಿಯುತ್ತಿದೆ ಅಂದರೆ ನೀರು ಇನ್ನೂ ಹೋಗುತ್ತಿದೆ. ಇಳಿಯುವುದು ನಿಂತ ಮೇಲೆ, ಅಚ್ಚು ಬಿಸಿ ಇರುವಾಗಲೇ ಹೊಯ್ಯಿರಿ. ನಾಳೆಗೆ ಅಂತ ಇಟ್ಟರೆ ಕರಾವಳಿಯ ಗಾಳಿಯ ತೇವವನ್ನು ಮತ್ತೆ ಕುಡಿಯುತ್ತದೆ. ಹಾಗೆ ಕಾದ ಪ್ಲಾಸ್ಟರ್ ಪುಡಿಪುಡಿಯೂ ಆಗುತ್ತದೆ. ನನ್ನನ್ನು ಕೇಳಿದರೆ ಬಳಪದ ಕಲ್ಲೇ ವಾಸಿ. ಬೇಲೂರಿನ ಗುಡಿಯಲ್ಲಿ ಅಷ್ಟು ಸಣ್ಣ ಕೆತ್ತನೆ ಮಾಡಿದ್ದು ಅದೇ ಜಾತಿಯ ಮೆದು ಕಲ್ಲಿನಲ್ಲಿ ಅಲ್ವಾ, ನಿಮ್ಮ ಗುಂಡಿನ ಗುಳಿ ಯಾವ ಲೆಕ್ಕ! ಅದನ್ನೂ ಹೊಯ್ಯುವ ಮುಂಚೆ ಬಿಸಿ ಮಾಡಲೇಬೇಕು, ಸೌಟನ್ನೂ ಅಷ್ಟೇ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ನನಗೆ ಚುಚ್ಚಿತು: ಹಳೇ ಗುಂಡು. ಸಮುದ್ರದಲ್ಲಿ ಬಿದ್ದಿದ್ದ ಸೀಸದ ಸಂದಿಗಳಲ್ಲಿ ಉಪ್ಪುನೀರು ಇರುತ್ತದೆ. ಕರಗಿದ ಸೀಸಕ್ಕೆ ಅಂಥದ್ದನ್ನು ಮೇಲಿಂದ ಹಾಕಿದರೆ ಪಾತ್ರೆಯೇ ಉಗುಳುತ್ತದೆ. ತಣ್ಣಗಿರುವಾಗಲೇ ಎಲ್ಲವನ್ನೂ ಕಬ್ಬಿಣದ ಬಾಣಲೆಗೆ ಹಾಕಿ ಒಟ್ಟಿಗೆ ಕಾಯಿಸಿ. ಹಳೇ ಬ್ಯಾಟರಿಯ ಸೀಸ ಮಾತ್ರ ಬೇಡವೇ ಬೇಡ. ಅದರಲ್ಲಿ ಆಮ್ಲವೂ ಬೇರೆ ವಿಷಗಳೂ ಇರುತ್ತವೆ.

ಕೆಲಸ ಬಯಲಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಂತು ಮಾಡಿ. ಕೆಳಗೆ ಒಣ ಮರಳು ಹರಡಿ. ಸಿಮೆಂಟು ನೆಲದ ಮೇಲೆ ಚೆಲ್ಲಿದರೆ ನೆಲವೂ ಸಿಡಿಯಬಹುದು. ಕನ್ನಡಕ, ತೋಳು ಮುಚ್ಚುವ ಹತ್ತಿಯ ಅಂಗಿ, ಚರ್ಮದ ಬೂಟು ಇರಲಿ. ಪ್ಯಾಂಟಿನ ತುದಿ ಬೂಟಿನ ಹೊರಗಿರಬೇಕು, ಒಳಗೆ ತುರುಕಿದರೆ ಹನಿ ನೇರ ಪಾದಕ್ಕೇ ಇಳಿಯುತ್ತದೆ. ಮಕ್ಕಳೂ ಗರ್ಭಿಣಿಯರೂ ಹತ್ತಿರ ಸುಳಿಯಬಾರದು. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಕೈಯನ್ನು ಸೋಪು ಹಾಕಿ ತೊಳೆಯುವವರೆಗೆ ಬೀಡಿಯನ್ನೂ ಮುಟ್ಟಬೇಡಿ.